ಪೀಪಿಯ ಗಂಟಲಿಗೆ ಗಾಂಭೀರ್ಯ ಬಂದದ್ದು

ಪೀಪಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕೇಳಿದವರು ಇಟ್ಟದ್ದು.

ಆಳನ್ನು ನೋಡಿದರೆ ಬಾಗಿಲು ತುಂಬುವ ಮೈಕಟ್ಟು, ತುದಿ ತೀಡಿದ ಮೀಸೆ, ನೆಲವನ್ನು ವಿಚಾರಿಸಿಕೊಳ್ಳುತ್ತಾ ಹೋಗುವಂಥ ನಡಿಗೆ. ಬಾಯಿ ತೆರೆದರೆ ಮಾತ್ರ ಅಷ್ಟು ದೊಡ್ಡ ಪೆಟ್ಟಿಗೆಯೊಳಗಿಂದ ಮಕ್ಕಳು ಊದುವ ಪೀಪಿ. ಫೋನಿನಲ್ಲಿ "ಹಲೋ" ಅಂದರೆ ಆ ಕಡೆಯವರು ಕರಗಿಹೋಗಿ, "ಪುಟ್ಟಾ, ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಕೊಡಮ್ಮಾ" ಅನ್ನುತ್ತಿದ್ದರು. ಅದೇ ಮನೆಯಲ್ಲಿದ್ದ ಅತ್ತೆಯವರಂತೂ, ಅಳಿಯ ಒಳಕೋಣೆಯಿಂದ ಹೆಂಡತಿಯನ್ನು ಕರೆದಾಗಲೆಲ್ಲ ಕುಕ್ಕರು ಕೂಗಿತೆಂದು ಒಲೆ ಆರಿಸಿಬಿಡುತ್ತಿದ್ದರು. ಆ ಮನೆಯ ಅಡುಗೆ ಸದಾ ಅರೆಬೆಂದಿರುತ್ತಿದ್ದುದಕ್ಕೆ ಅಡುಗೆ ಮಾಡಿದವರು ಹೊಣೆಯಲ್ಲ.

ಇಂಥ ಗಂಟಲು ಹೊತ್ತವನು ಮಾಡಬಾರದ ಕೆಲಸ ಲೋಕದಲ್ಲಿ ಒಂದೇ ಒಂದಿದೆ. ಪೀಪಿ ಅದನ್ನೇ ಮಾಡುತ್ತಿದ್ದ. ಬಸ್ ನಿಲ್ದಾಣದ ಮಹಡಿಯಲ್ಲಿ ಗಾಜಿನ ಕೋಣೆ, ಕೋಣೆಯೊಳಗೆ ಮೈಕು, ತಿರುಗುವ ಕುರ್ಚಿ, ತಿರುಗುವುದನ್ನು ಮರೆತ ಫ್ಯಾನು. ಅಲ್ಲಿ ಕೂತು ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಸಾರುವ ಕೆಲಸ. ಆ ನಿಲ್ದಾಣದಲ್ಲೊಂದು ಕಟ್ಟುನಿಟ್ಟು ಬೇರೆ: ಮೇಲಿನಿಂದ "ಹೊರಡುತ್ತಿದೆ" ಎಂಬ ಮಾತು ಬೀಳದೆ ಯಾವ ಚಾಲಕನೂ ಗಾಲಿ ಉರುಳಿಸುವಂತಿಲ್ಲ. ಹಿಂದೊಮ್ಮೆ ಎರಡು ಬಸ್ಸುಗಳು ಹಿಂದೆ ಹಿಂದೆ ಬರುತ್ತಾ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಮೇಲೆ ಬಂದ ಆಜ್ಞೆ ಅದು. ಹೀಗಾಗಿ ಪೀಪಿಯ ಮಾತಿಗೆ ಇಡೀ ನಿಲ್ದಾಣ ಕಿವಿಗೊಡಲೇಬೇಕಿತ್ತು. ಕೊಟ್ಟ ಕಿವಿಯನ್ನು ಆಮೇಲೆ ಎಲ್ಲರೂ ತಿಕ್ಕಿಕೊಳ್ಳುತ್ತಿದ್ದರು.

ಆ ವರ್ಷ ಚಳಿ ಕಳೆಯುವ ಹೊತ್ತಿಗೆ ಪೀಪಿಯ ದನಿ ಇಳಿಯತೊಡಗಿತು. ನೆಗಡಿ ಅಂದುಕೊಂಡ. ಮೂಗು ಒಣಗಿಯೇ ಇತ್ತು, ದನಿ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, ಕೊನೆಗೊಂದು ಬೆಳಗ್ಗೆ ನೆಲಮಾಳಿಗೆ ಸೇರಿತು. ಆ ದಿನ ಮೈಕಿನಲ್ಲಿ ಹೊರಟದ್ದು ಹೀಗೆ:

"ಪ್ರ...ಯಾ...ಣಿ...ಕ...ರ ಗ...ಮ...ನ...ಕ್ಕೆ."

ನಿಲ್ದಾಣ ಸ್ತಬ್ಧವಾಯಿತು. ಬೀಡಿ ಸೇದುತ್ತಿದ್ದವರು ಆರಿಸಿದರು. ಆರಿಸಿ ನಿಂತಿದ್ದವರು ನೆಟ್ಟಗೆ ನಿಂತರು. ಕೆಳಗಿನ ಕಚೇರಿಯಲ್ಲಿ ನಿಲ್ದಾಣದ ಅಧಿಕಾರಿ (ಮಾತು ಮಾತಿಗೂ ಶಿಸ್ತು, ಶಿಸ್ತು ಅನ್ನುತ್ತಿದ್ದುದರಿಂದ ಸಿಬ್ಬಂದಿಯ ಬಾಯಲ್ಲಿ ಅವರು ಶಿಸ್ತು ಸಾಹೇಬರು) ಕುರ್ಚಿಯಿಂದ ಪುಟಿದೆದ್ದು, ಕಾಲರಿನ ಗುಂಡಿ ಹಾಕಿಕೊಳ್ಳುತ್ತಾ ಮಹಡಿಗೆ ಓಡಿಬಂದರು.

"ಯಾರಯ್ಯಾ ಬಂದಿರೋದು? ಕೇಂದ್ರ ಕಚೇರಿಯವರಾ? ಮುಂಚೆ ಒಂದು ಮಾತು ಹೇಳೋ ಶಿಸ್ತಿಲ್ವಾ ನಿಮಗೆ?"

"ಯಾರೂ ಇಲ್ಲ ಸಾರ್. ನಾನೇ."

"ನೀನಾ? ಇನ್ನೊಂದು ಸಲ ಹೇಳು."

"ನಾ...ನೇ... ಸಾರ್."

ಸಾಹೇಬರು ಗೊತ್ತಿಲ್ಲದೆಯೇ ಇನ್ನೊಂದು ಗುಂಡಿ ಹಾಕಿಕೊಂಡರು.

ಗ್ರಂಥ ಓದಿ ಮೇಲೆ ಬಂದವರು ಬೇಕಾದಷ್ಟು ಜನ ಇದ್ದಾರೆ. ಗ್ರಂಥಿ ಕೈಕೊಟ್ಟು ಮೇಲೆ ಬಂದವನು ಬಹುಶಃ ಇವನೊಬ್ಬನೇ. ಆದರೆ ಅದು ಗ್ರಂಥಿಯ ಕೆಲಸವೆಂದು ಆಗ ಯಾರಿಗೆ ಗೊತ್ತು? ಮುಖ ಊದಿಕೊಂಡಿತು, "ಮುಖದಲ್ಲಿ ಕಳೆ ತುಂಬಿದೆ" ಎಂದರು. ನಡಿಗೆ ನಿಧಾನವಾಯಿತು, "ಘನತೆ ಬಂದಿದೆ" ಎಂದರು. ಸೆಕೆಯಲ್ಲೂ ಸ್ವೆಟರು ಹಾಕಿಕೊಂಡ. ಮರುವಾರ ಇಬ್ಬರು ಗುಮಾಸ್ತರೂ ಸ್ವೆಟರು ಹಾಕಿಕೊಂಡು ಬಂದು ಬೆವರಿದರು. ಎದುರುಮನೆಯ ವಕೀಲರು, ತಿಂಗಳಿಂದ ಇವತ್ತು ನಾಳೆ ಅನ್ನುತ್ತಿದ್ದ ನಲ್ಲಿ ರಿಪೇರಿಯವನಿಗೆ ಪೀಪಿಯಿಂದ ಫೋನು ಮಾಡಿಸಿದರು. ಪೀಪಿ ಹೇಳಿದ್ದು ಒಂದೇ ಮಾತು: "ನೋ...ಡೋ...ಣ." ನಲ್ಲಿಯವನು ಅದೇ ಸಂಜೆ ಎರಡು ಪಾನಾ ಹಿಡಿದು ಬಂದು, ಸೋರದ ನಲ್ಲಿಗಳನ್ನೂ ಬಿಗಿಮಾಡಿ, ಕೈಮುಗಿದು ಹೋದ. ಅತ್ತೆಯವರು ಅಳಿಯ ಕೂಗಿದರೆ ಈಗ ಒಲೆ ಆರಿಸುತ್ತಿರಲಿಲ್ಲ, ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ದನಿ ದಪ್ಪವಾದಂತೆ ಪೀಪಿ ದಣಿಯಾದ. ದಣಿಯಾದವನು ಸುಮ್ಮಸುಮ್ಮನೆ ದಣಿಯತೊಡಗಿದ. ಆದರೆ ಅಷ್ಟೂ ವರ್ಷ "ಪುಟ್ಟಾ" ಅನ್ನಿಸಿಕೊಂಡವನಿಗೆ "ಸಾರ್" ಎಂಬ ಎರಡಕ್ಷರದ ಮುಂದೆ ಸುಸ್ತು ಯಾವ ಲೆಕ್ಕ?

ಅಷ್ಟರಲ್ಲಿ ಶಿಸ್ತು ಸಾಹೇಬರು ಒಂದು ಸುದ್ದಿ ತಂದರು. ಇನ್ನು ಮುಂದೆ ಎಲ್ಲ ನಿಲ್ದಾಣಗಳಲ್ಲೂ ಯಂತ್ರವೇ ಮಾತಾಡುತ್ತದಂತೆ. ಒಂದೇ ದನಿಯಲ್ಲಿ ಎಲ್ಲ ಊರಿನ ಹೆಸರುಗಳನ್ನೂ ಒಮ್ಮೆ ಧ್ವನಿಮುದ್ರಣ ಮಾಡಿಕೊಂಡು ಎಲ್ಲ ಕಡೆಗೂ ಕಳಿಸುತ್ತಾರಂತೆ.

"ನಿನ್ನ ಹೆಸರು ಕಳಿಸಿದೀನಿ. ಕೇಂದ್ರ ಕಚೇರಿಯಿಂದ ಮುದ್ರಣದ ಮೇಡಂ ಬಂದು ಕೇಳ್ತಾರೆ. ಅಲ್ಲಿವರೆಗೂ ಆ ಗಂಟಲನ್ನ ಹಾಗೇ ಇಟ್ಕೊ. ತಣ್ಣೀರು ಬೇಡ, ಜಗಳ ಬೇಡ, ಶಿಸ್ತಾಗಿರು. ಎಷ್ಟು ನಿಲ್ದಾಣ ಗೊತ್ತಾ? ನೀನು ಸತ್ರೂ ನಿನ್ನ ದನಿ ಡ್ಯೂಟಿ ಮಾಡ್ತಿರುತ್ತೆ!"

ಈ ಆಶೀರ್ವಾದದಿಂದ ಪೀಪಿಗೆ ರೋಮಾಂಚನವಾಯಿತು. ಆ ಸಂಜೆ ಊಟಕ್ಕೆ ಕೂತವನು, ತಟ್ಟೆಗೂ ಬಾಯಿಗೂ ನಡುವೆ ಚಮಚ ನಿಲ್ಲಿಸಿ, ಹಾಗೇ ನಿದ್ದೆಹೋದ.

ಹೆಂಡತಿ ಚಮಚವನ್ನು ಮೆಲ್ಲಗೆ ಬಿಡಿಸಿಕೊಂಡಳು. ಅವಳು ಶಿಶುವಿಹಾರದ ಟೀಚರು. ಊಟದ ನಡುವೆ ನಿದ್ದೆಹೋಗುವವರ ಅಭ್ಯಾಸ ಅವಳಿಗಿತ್ತು. ಆದರೆ ಮೀಸೆ ಇದ್ದವರದ್ದು ಇರಲಿಲ್ಲ. ಮರುದಿನವೇ ಗಂಡನನ್ನು ಕೈಹಿಡಿದು ಡಾಕ್ಟರಮ್ಮನ ಬಳಿಗೆ ನಡೆಸಿಕೊಂಡು ಹೋದಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಕತ್ತು ಮುಟ್ಟಿ ನೋಡಿ ಹೇಳಿದರು: "ಥೈರಾಯ್ಡ್. ಗಂಟಲಲ್ಲಿ ಚಿಟ್ಟೆ ಥರ ಒಂದು ಗ್ರಂಥಿ ಇದೆ. ಅದು ಸೋಮಾರಿ ಆಗಿದೆ."

"ನಮ್ಮನೇಲಿ ಸೋಮಾರಿ ಒಬ್ಬರೇ ಅಂದ್ಕೊಂಡಿದ್ದೆ," ಎಂದಳು ಹೆಂಡತಿ. "ಒಳಗೊಬ್ಬರು ಬೇರೆ ಇದಾರಾ?"

"ಹೆದರೋ ಅಂಥದ್ದೇನಿಲ್ಲ. ದಿನಕ್ಕೊಂದು ಮಾತ್ರೆ. ಆದರೆ ಹೊತ್ತಿಗೆ ಸರಿಯಾಗಿ. ಬೆಳಗ್ಗೆ ಎದ್ದ ಕೂಡಲೇ, ಬರಿಹೊಟ್ಟೇಲಿ, ಬರೀ ನೀರಲ್ಲಿ. ಆಮೇಲೆ ಒಂದು ಗಂಟೆ ಬಾಯಿಗೆ ಬೀಗ. ಮುಖ್ಯವಾಗಿ ಕಾಫಿ ಬೇಡ. ಹಾಲು, ಸೋಯಾ ಎಲ್ಲ ಆಮೇಲೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಏನಾದ್ರೂ ತಗೊಳ್ಳೋದಿದ್ರೆ ನಾಲ್ಕು ಗಂಟೆ ದೂರ. ಜೊತೆಗೆ ಹಾಕ್ಕೊಂಡ್ರೆ ಇದು ಮೈಗೆ ಹತ್ತೋದೇ ಇಲ್ಲ. ನುಂಗಿದ್ದೂ ಒಂದೇ, ಬಿಟ್ಟಿದ್ದೂ ಒಂದೇ."

"ನಿದ್ದೆ ಹೋಗುತ್ತಾ?" ಹೆಂಡತಿ.

"ಹೋಗುತ್ತೆ. ಚಳಿ, ಊತ, ಸುಸ್ತು, ಮರೆವು, ಎಲ್ಲ ಹೋಗುತ್ತೆ. ಈ ಗೊಗ್ಗರು ದನಿ ಕೂಡ."

ಪೀಪಿ ಕುರ್ಚಿಯಲ್ಲಿ ನೆಟ್ಟಗಾದ. "ದ...ನಿ?"

"ಅದು ನಿಮ್ಮ ದನಿ ಎಲ್ಲಿ ಬಂತು? ಗಂಟಲು ಊದಿಕೊಂಡಿದೆ, ಅಷ್ಟೇ. ಕೆಲವು ತಿಂಗಳು ಸರಿಯಾಗಿ ತಗೊಳ್ಳಿ, ನಿಮ್ಮ ಹಳೇ ದನಿ ವಾಪಸ್ ಬರುತ್ತೆ," ಎಂದು ಡಾಕ್ಟರಮ್ಮ ಬಹುಮಾನ ಕೊಡುವವರಂತೆ ನಕ್ಕರು.

ಛಂದಸ್ಸಿನಲ್ಲಿ ಮಾತ್ರೆ ಹೆಚ್ಚಾದರೆ ಲಘು ಗುರುವಾಗುತ್ತದೆ. ಇಲ್ಲಿ ಮಾತ್ರೆ ಸರಿಯಾದರೆ ಗುರುವಾದವನು ಮತ್ತೆ ಲಘುವಾಗುವ ಅಪಾಯ. ಪೀಪಿ ಮನೆಗೆ ಬರುವ ದಾರಿಯಲ್ಲೇ ತೀರ್ಮಾನಿಸಿದ: ಮುದ್ರಣದ ಮೇಡಂ ಬಂದು ಹೋಗುವವರೆಗೂ ಮಾತ್ರೆ ಮೈಗೆ ಹತ್ತಕೂಡದು. ಡಾಕ್ಟರಮ್ಮ ಬೇಡ ಎಂದು ಹೇಳಿದ ಒಂದೊಂದೂ ಅವನ ಕಿವಿಗೆ ಬೇಕು, ಬೇಕು ಎಂದೇ ಕೇಳುತ್ತಿತ್ತು.

ಹೆಂಡತಿಯಾದರೋ ಹೊತ್ತು ಹುಟ್ಟುವ ಮುಂಚೆ ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಮಾತ್ರೆ ಹಿಡಿದು ಮಂಚದ ಪಕ್ಕ ನಿಲ್ಲುತ್ತಿದ್ದಳು. "ಆ ಮಾಡಿ. ನಾಲಿಗೆ ತೋರ್ಸಿ. ನಾಲಿಗೆ ಕೆಳಗೆ? ಜಾಣ." ಜಾಣನು ನುಂಗಿ, "ಡಾಕ್ಟರು ಹೇಳಿದಾರೆ, ಸ್ವಲ್ಪ ಅಡ್ಡಾಡಬೇಕು" ಎಂದು ಹೊರಬಿದ್ದು, ರಸ್ತೆಯ ತಿರುವಿನಲ್ಲಿದ್ದ ಕಾಫಿ ಅಂಗಡಿಯ ಹಿಂಬದಿಗೆ ಹೋಗಿ, ಹೆಚ್ಚು ಹಾಲು ಹಾಕಿಸಿದ ಕಾಫಿಯನ್ನು ಗಟಗಟನೆ ಕುಡಿದು ಬರುತ್ತಿದ್ದ. ಕಾಫಿಯವನು ಮೊದಲ ದಿನ "ಇಷ್ಟು ಬೇಗ?" ಎಂದ. "ಔ...ಷ...ಧಿ," ಎಂದ ಪೀಪಿ. ಅವನು ಆ ದನಿಗೆ ಹೆದರಿ ಎರಡನೇ ಪ್ರಶ್ನೆ ಕೇಳಲಿಲ್ಲ.

ಹೆಂಡತಿ "ಒಬ್ಬರೇ ಯಾಕೆ, ನಾನೂ ಬರ್ತೀನಿ" ಎಂದು ಜೊತೆಗೆ ಹೊರಟ ಮೇಲೆ ಕಾಫಿ ದಾರಿ ಮುಚ್ಚಿತು. ಪೀಪಿ ಸೋಯಾ ಹಾಲಿನ ಪೊಟ್ಟಣವನ್ನು ಸ್ನಾನದ ಮನೆಯ ಬಕೆಟ್ಟಿನ ತಳದಲ್ಲಿ ಅಡಗಿಸಿಟ್ಟ. ಬಕೆಟ್ಟು ತೊಳೆಯುವ ವಾರ ಬಂದಾಗ ಅದೂ ಹೋಯಿತು. ಕೊನೆಗೆ ಕಣ್ಣು ಬಿದ್ದದ್ದು ಕಪಾಟಿನಲ್ಲಿದ್ದ ಅತ್ತೆಯವರ ಮಂಡಿನೋವಿನ ಡಬ್ಬಿಯ ಮೇಲೆ: ಕ್ಯಾಲ್ಸಿಯಂ ಮಾತ್ರೆ, ಸೀಮೆಸುಣ್ಣದ ತುಂಡಿನಷ್ಟು ದಪ್ಪ. ತನ್ನ ಮಾತ್ರೆಯ ಬೆನ್ನಿಗೇ ಒಂದನ್ನು ಕಟಂ ಎಂದು ಜಗಿದು ನುಂಗಿದರೆ ಮುಗಿಯಿತು. ಅಡ್ಡಾಡುವ ಗೊಡವೆಯೂ ಇಲ್ಲ.

"ನನ್ನ ಮಂಡಿ ಮಾತ್ರೆ ಯಾರೋ ತಿಂತಿದ್ದಾರೆ ಕಣಮ್ಮಾ," ಎಂದು ಅತ್ತೆಯವರು ದೂರಿದರು.

"ಮಂಡಿ ಮಾತ್ರೆ ಕದಿಯೋಕೆ ಕಳ್ಳನಿಗೇನಮ್ಮಾ ಮಂಡಿ ನೋವಾ? ನೀನೇ ಮರೆತು ಎರಡೆರಡು ಸಲ ತಗೊಂಡಿರ್ತೀಯ."

"ಎರಡೆರಡು ಸಲ ತಗೊಂಡಿದ್ರೆ ನೋವು ಅರ್ಧ ಆಗಬೇಕಿತ್ತು. ಡಬಲ್ ಆಗಿದೆ!"

ಪೀಪಿ ಪತ್ರಿಕೆಯ ಹಿಂದಿನಿಂದ, "ವಯಸ್ಸು... ಅತ್ತೆ... ವಯಸ್ಸು," ಎಂದ. ಆ ಗಾಂಭೀರ್ಯದ ಮುಂದೆ ಅತ್ತೆಯವರು ತಮಗೆ ವಯಸ್ಸಾಗಿದೆ ಎಂದು ಮೊದಲ ಬಾರಿಗೆ ಒಪ್ಪಿಕೊಂಡರು.

ಮತ್ತೆ ಪರೀಕ್ಷೆಯಾಯಿತು. ಫಲಿತಾಂಶ ನೋಡಿ ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು. ಕಾಯಿಲೆಯ ಅಂಕಿ ಒಂಚೂರೂ ಇಳಿದಿರಲಿಲ್ಲ. "ಹೊತ್ತಿಗೆ ಸರಿಯಾಗಿ ತಗೊಳ್ತಿದೀರಾ?"

"ನಾನೇ ನಿಂತು ನುಂಗಿಸ್ತೀನಿ ಡಾಕ್ಟ್ರೇ. ನಾಲಿಗೆ ಎತ್ತಿಸಿ ನೋಡ್ತೀನಿ," ಎಂದಳು ಹೆಂಡತಿ.

ಡಾಕ್ಟರಮ್ಮ ಪ್ರಮಾಣ ಹೆಚ್ಚಿಸಿದರು. ಪೀಪಿ ಒಂದರ ಬೆನ್ನಿಗೆ ಎರಡು ಸುಣ್ಣದ ತುಂಡು ಜಗಿಯತೊಡಗಿದ. ಮುಂದಿನ ಪರೀಕ್ಷೆಯಲ್ಲೂ ಅದೇ ಕಥೆ. ಇನ್ನೂ ಹೆಚ್ಚಿಸಿದರು. ಈಗ ಹೆಂಡತಿಯ ಸಿಟ್ಟು ಔಷಧಿ ಅಂಗಡಿಯ ಕಡೆ ತಿರುಗಿತು. ಪೀಪಿಯನ್ನೂ ಎಳೆದುಕೊಂಡು ಹೋಗಿ, ಗಿರಾಕಿಗಳ ಮುಂದೆಯೇ ಶೀಶೆಯನ್ನು ಕೌಂಟರಿನ ಮೇಲೆ ಕುಟ್ಟಿದಳು.

"ಏನ್ರೀ ಇದರೊಳಗೆ? ಹಿಟ್ಟಾ? ಸಕ್ಕರೆಯಾ?"

ಅಂಗಡಿಯವನ ಮುಖ ಬಿಳಿಚಿತು. "ಅಮ್ಮಾ, ನಮ್ಮ ತಾತನ ಕಾಲದ ಅಂಗಡಿ! ಇದೇ ಮಾತ್ರೇಲಿ ಎಷ್ಟು ಜನ ಸಣ್ಣ ಆಗಿದಾರೆ, ಎಷ್ಟು ಜನರ ನಿದ್ದೆ ಹೋಗಿದೆ..."

"ನಿದ್ದೆ ನಂದು ಹೋಗಿದೆ! ಇವರದ್ದು ನೋಡಿ!"

ಎಲ್ಲರೂ ನೋಡಿದರು. ಪೀಪಿ ತೂಕದ ಯಂತ್ರದ ಮೇಲೆ ನಿಂತಲ್ಲೇ ಕಣ್ಣುಮುಚ್ಚಿದ್ದ. ಮುಳ್ಳು ಮಾತ್ರ ಎಚ್ಚರವಾಗಿತ್ತು.

ವಿಷಯ ತಿಳಿದ ಎದುರುಮನೆಯ ವಕೀಲರು ಕೈ ಉಜ್ಜಿಕೊಂಡು ಬಂದರು. "ಕೇಸು ಹಾಕಿಬಿಡೋಣ. ಡಾಕ್ಟರ ಮೇಲೊಂದು, ಅಂಗಡಿ ಮೇಲೊಂದು, ಮಾತ್ರೆ ಮಾಡಿದೋರ ಮೇಲೊಂದು. ಈ ದನೀಲಿ ನೀವು ಕಟಕಟೇಲಿ ನಿಂತು 'ನನಗೆ ಅನ್ಯಾಯ ಆಗಿದೆ' ಅಂದ್ರೆ ಸಾಕು, ನ್ಯಾಯಾಧೀಶರೇ ಎದ್ದು ನಿಲ್ತಾರೆ."

"ಬೇ...ಡ," ಎಂದ ಪೀಪಿ ಗಾಬರಿಯಿಂದ. ಗಾಬರಿಯೂ ಗಂಭೀರವಾಗಿಯೇ ಹೊರಬಂತು. "ಕ್ಷ...ಮಿ...ಸೋ...ಣ."

"ನೋಡಮ್ಮಾ, ಎಂಥ ದೊಡ್ಡ ಮನುಷ್ಯ!" ಎಂದು ವಕೀಲರು ಹೆಂಡತಿಯ ಕಡೆ ತಿರುಗಿದರು. ಈಚೆಗೆ ಅವಳ ಮಾತು ಕಡಿಮೆಯಾಗಿತ್ತು. ಪಕ್ಕದಲ್ಲಿ ಮಲಗಿದವನ ಉಸಿರನ್ನು ಆಲಿಸುತ್ತಾ ಬೆಳಗು ಮಾಡುತ್ತಿದ್ದಳು. ಮೂಗಿಗೂ ಎದೆಗೂ ಹೊಂದಿಕೆಯಾಗದ ಆ ಗೊರಕೆಯ ಏರಿಳಿತ ಅವಳಿಗೆ ಈಗ ಬಾಯಿಪಾಠ.

ಕೊನೆಗೂ ಮುದ್ರಣದ ಮೇಡಂ ಬರುವ ದಿನ ಬಂತು. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಪುಟ್ಟ ಯಂತ್ರ ಹಿಡಿದು ಅವರು ಶಿಸ್ತು ಸಾಹೇಬರೊಡನೆ ನಿಲ್ದಾಣದ ನಟ್ಟನಡುವೆ ನಿಂತರು. "ಸುಮ್ಮನೆ ದಿನದ ಹಾಗೇ ಮಾತಾಡಲಿ. ಜನರ ನಡುವೆ ಹೇಗೆ ಕೇಳುತ್ತೆ ನೋಡ್ತೀನಿ," ಎಂದರು. "ಕೇಳ್ತಾ ಇರಿ ಮೇಡಂ, ಮೈ ಜುಂ ಅನ್ನುತ್ತೆ," ಎಂದರು ಸಾಹೇಬರು.

ಅದೇ ದಿನ, ಅದೇ ಹೊತ್ತಿಗೆ, ಮೂರನೇ ಅಂಕಣದ ಬಸ್ಸಿನಲ್ಲಿ ಕಿಟಕಿ ಪಕ್ಕ ಅತ್ತೆಯವರು, ಅವರ ಪಕ್ಕ ಹೆಂಡತಿ. ಮಂಡಿನೋವು ಜಾಸ್ತಿಯಾಗಿ ಪಕ್ಕದ ಊರಿನ ಮೂಳೆ ಡಾಕ್ಟರಿಗೆ ತೋರಿಸಲು ಹೊರಟಿದ್ದರು.

ಪೀಪಿ ಆ ಬೆಳಗ್ಗೆ ಗಂಟಲಿನ ರಕ್ಷಣೆಗೆಂದು ಸುಣ್ಣದ ತುಂಡು ಮೂರು ಜಗಿದಿದ್ದ. ಮೈಕಿನ ಗುಂಡಿ ಒತ್ತಿದ. ಗುಡುಗು ಹೊರಟಿತು.

"ಪ್ರ...ಯಾ...ಣಿ...ಕ...ರ ಗ...ಮ...ನ...ಕ್ಕೆ. ಮೂ...ರ...ನೇ ಅಂ...ಕ...ಣ...ದಿಂ...ದ..."

ಮೇಡಂ ಹುಬ್ಬೇರಿಸಿ ತಲೆದೂಗಿದರು. ಸಾಹೇಬರು ಆ ತಲೆಯನ್ನು ನೋಡಿ ತಮ್ಮ ತಲೆಯನ್ನೂ ತೂಗಿದರು. ಮೇಲೆ ಮೂರನೆಯ ತಲೆಯೊಂದು ತೂಗಿತು. ತೂಗಿ, ಮೈಕಿನ ಮೇಲೆ ಒರಗಿತು.

"...ಘರ್‌ರ್‌ರ್... ಪುಸ್ಸ್. ಘರ್‌ರ್‌ರ್... ಘಟಕ್... ಪುಸ್ಸ್."

ಎಂಟು ಧ್ವನಿವರ್ಧಕಗಳೂ ಒಟ್ಟಿಗೆ ಗೊರೆದವು. ಮೂರನೇ ಅಂಕಣದ ಚಾಲಕ ಕೆಳಗಿಳಿದು ಎಂಜಿನ್ ಮುಚ್ಚಳ ತೆಗೆದ. ನಾಲ್ಕನೆಯವನು ಅದನ್ನು ನೋಡಿ ತಾನೂ ತೆಗೆದ. ಮೆಕ್ಯಾನಿಕ್ಕು ಓಡಿಬಂದು ಬಸ್ಸಿನಡಿ ತೂರಿದ. "ಗೇರುಪೆಟ್ಟಿಗೆ ಹೋಗಿದೆ!" ಎಂದು ಅಡಿಯಿಂದ ಕೂಗಿದ. "ಎಂಜಿನ್ ಆಫ್ ಮಾಡಿದೀನಯ್ಯಾ!" ಎಂದ ಚಾಲಕ. "ಆಫ್ ಮಾಡಿದ್ರೂ ಇಷ್ಟು ಶಬ್ದ ಬರ್ತಿದೆ ಅಂದ್ರೆ ಪೂರ್ತಿ ಹೋಗಿದೆ!" ಹಿಂದೆ ಬಸ್ಸುಗಳು ಒಂದಕ್ಕೊಂದು ಅಂಟಿ ನಿಂತವು. "ಹೊರಡುತ್ತಿದೆ" ಎನ್ನದೆ ಯಾರೂ ಹೊರಡುವಂತಿಲ್ಲ. ಕ್ರಿಯಾಪದವಿಲ್ಲದ ಒಂದು ವಾಕ್ಯದ ಕೆಳಗೆ ಇಡೀ ನಿಲ್ದಾಣ ಸಿಕ್ಕಿಹಾಕಿಕೊಂಡಿತು.

"ಹೊಸ ಥರದ ಪ್ರಕಟಣೆಯಾ ಇದು?" ಎಂದು ಮೇಡಂ ಕೇಳಿದರು. "ಶಿಸ್ತು... ಶಿಸ್ತು ಮೇಡಂ..." ಎಂದು ಸಾಹೇಬರು ತೊದಲಿದರು.

ಬಸ್ಸಿನೊಳಗೆ ಜನ ಗಾಬರಿಯಾಗಿ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಹೆಂಡತಿ ಒಬ್ಬಳೇ ತಲೆ ವಾಲಿಸಿ ಕಿವಿಗೊಟ್ಟಳು. ಘರ್‌ರ್, ಘಟಕ್, ಪುಸ್ಸ್. ಎದ್ದು ನಿಂತಳು.

"ಎಂಜಿನ್ ಅಲ್ಲ ರೀ ಅದು," ಎಂದಳು ಚಾಲಕನಿಗೆ. "ನಮ್ಮನೆಯವರು."

ಮಹಡಿ ಮೆಟ್ಟಿಲು ಹತ್ತಿ ಗಾಜಿನ ಬಾಗಿಲು ನೂಕಿದಾಗ ಪೀಪಿ ಮೈಕನ್ನು ದಿಂಬು ಮಾಡಿಕೊಂಡು ಸುಖವಾಗಿದ್ದ. ಗುಂಡಿ ಒತ್ತಿದ್ದು ಒತ್ತಿದ ಹಾಗೇ ಇತ್ತು. ಅದನ್ನು ಅವಳೂ ನೋಡಲಿಲ್ಲ, ಅವನೂ ನೋಡಲಿಲ್ಲ; ಕೇಳುವುದೊಂದು ನಿಲ್ದಾಣಕ್ಕೆ ಉಳಿಯಿತು.

"ರೀ! ಏಳ್ರೀ! ಏನಾಯ್ತ್ರೀ ನಿಮಗೆ! ಉಸಿರಾಡ್ತಿದೀರಾ?" ಎಂದು ಭುಜ ಹಿಡಿದು ಅಲುಗಿಸಿದಳು. "ಅಷ್ಟು ದೊಡ್ಡ ಮಾತ್ರೆ, ಅಷ್ಟು ಹೊತ್ತಿಗೆ ಸರಿಯಾಗಿ! ಏನೂ ಆಗ್ತಿಲ್ಲ ಅಂದ್ರೆ ಒಳಗೆ ಇನ್ನೇನೋ ಇದೆ. ನಂಗೊತ್ತು. ನೀವು ಹೀಗೇ ಒಂದಿನ ಎಚ್ಚರ ಆಗದೇ ಹೋದ್ರೆ ನಾನೇನ್ರೀ ಮಾಡ್ಲಿ?"

ಕೆಳಗೆ ಬಸ್ಸಿನಡಿಯಿಂದ ಮೆಕ್ಯಾನಿಕ್ಕು ತಲೆ ಹೊರಹಾಕಿದ.

ಪೀಪಿ ಕಣ್ಣುಬಿಟ್ಟ. ಹೆಂಡತಿ ಅಳುತ್ತಿದ್ದಳು. ಅವನು ಅವಳನ್ನು ಹಾಗೆ ನೋಡಿರಲೇ ಇಲ್ಲ. "ಅಯ್ಯೋ... ಅಳಬೇಡ್ವೇ. ಮಾತ್ರೇದೇನೂ ತಪ್ಪಿಲ್ಲ. ಅದು ಹತ್ತಬಾರದು ಅಂತ ನಾನೇ... ಕಾಫಿ ಕುಡೀತಿದ್ದೆ."

"ಏನು?"

"ಮಾತ್ರೆ ಆದ ತಕ್ಷಣ. ಕಾಫಿ. ಆಮೇಲೆ ಸೋಯಾ ಹಾಲು. ಬಕೆಟ್‌ನಲ್ಲಿ ಇಟ್ಟಿದ್ದೆ. ಆಮೇಲೆ... ನಿಮ್ಮಮ್ಮನ ಮಂಡಿ ಮಾತ್ರೆ."

"ಅಯ್ಯೋ ನನ್ನ ಮಂಡೀ!" ಎಂಬ ಕೂಗು ಮೂರನೇ ಅಂಕಣದ ಕಿಟಕಿಯಿಂದ ಎದ್ದು ನಿಲ್ದಾಣದ ಮಾಡಿಗೆ ಬಡಿಯಿತು.

"ಈ ದನಿ ಹೋದ್ರೆ ನಾನು ಮತ್ತೆ ಪೀಪಿ ಕಣೇ. ಎಲ್ಲರೂ ನಗ್ತಾರೆ."

"ಬೆಳಗ್ಗೆ ಬೆಳಗ್ಗೆ ನೀವು ಕಾಫಿ ಇಲ್ದೆ ಕೂತಿರ್ತೀರಲ್ಲ ಅಂತ ನಾನೂ ಬಿಟ್ಟು ಕೂತಿದ್ದೆನಲ್ರೀ!" ಹೆಂಡತಿಯ ದನಿಯಲ್ಲಿ ಅಳು ಇಂಗಿ ಬೇರೇನೋ ಏರತೊಡಗಿತು. "ತಲೆ ಸಿಡೀತಿತ್ತು ನಂಗೆ! ಮಕ್ಕಳು 'ಟೀಚರ್ ಯಾಕೆ ಹಣೆ ಹಿಡ್ಕೊಂಡಿದೀರಾ' ಅಂತಿದ್ವು! ನೀವು ಅಂಗಡಿ ಹಿಂದೆ ನಿಂತು ಹೆಚ್ಚು ಹಾಲು ಹಾಕಿಸ್ಕೊಂಡು ಕುಡೀತಿದ್ರಾ? ಆ ಔಷಧಿ ಅಂಗಡಿಯವನ ತಾತನ ತನಕ ಬೈದು ಬಂದೆನಲ್ರೀ! ನಗ್ತಾರಂತೆ! ಮದುವೆಗೆ ಮುಂಚೆ ಮೊದಲನೇ ಸಲ ನೀವು ಬಾಯಿ ಬಿಟ್ಟಾಗ ನಾನು ಎಷ್ಟು ನಕ್ಕಿದ್ದೆ ಗೊತ್ತಾ? ಮೂರು ದಿನ. ಇವರ ಜೊತೆ ಇದ್ರೆ ಬೇಜಾರೇ ಆಗಲ್ಲ ಅಂತಲೇ ಒಪ್ಪಿದ್ದು. ಈ ಗುಡುಗನ್ನ ಯಾರು ಕೇಳಿದ್ರು?"

ಟಿಕೆಟ್ ಕೌಂಟರಿನ ಹುಡುಗಿ ಕಣ್ಣೊರೆಸಿಕೊಂಡಳು. ನಾಲ್ಕನೇ ಅಂಕಣದ ಚಾಲಕ ಹಾರ್ನು ಹೊಡೆದ. ಅದು ಮೆಚ್ಚುಗೆಯೋ ಅವಸರವೋ ತಿಳಿಯುವ ಮುಂಚೆ ಉಳಿದವರೂ ಹೊಡೆದರು. ಆಗ ಹೆಂಡತಿ ಗಾಜಿನಾಚೆ ನೋಡಿದಳು. ಇಡೀ ನಿಲ್ದಾಣ ತಲೆಯೆತ್ತಿ ತನ್ನನ್ನೇ ನೋಡುತ್ತಿದೆ. ಮೈಕಿನ ಕೆಂಪು ದೀಪವೂ ನೋಡುತ್ತಿದೆ.

ಬೇರೆ ಯಾರಾದರೂ ಆಗಿದ್ದರೆ ನೆಲಕ್ಕಿಳಿದುಹೋಗುತ್ತಿದ್ದರು. ಆದರೆ ಎದುರಿಗಿದ್ದದ್ದು ಸಾಲು ತಪ್ಪಿ, ತಳ್ಳಾಡುತ್ತಾ, ಒಟ್ಟಿಗೆ ಗಲಾಟೆ ಮಾಡುತ್ತಿದ್ದ ಒಂದು ಗುಂಪು. ಟೀಚರಿಗೆ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಎಲ್ಲರೂ ಹಾರ್ನ್ ನಿಲ್ಸಿ. ನಿಲ್ಸಿದ್ರಾ? ಜಾಣರು. ಈಗ ಮೂರನೇ ಅಂಕಣದ ಬಸ್ಸು ಹೊರಡುತ್ತಿದೆ. ಅದರ ಕೆಳಗೆ ಇರೋರು ಮೊದಲು ಆಚೆ ಬನ್ನಿ. ಬಂದ್ರಾ? ಕೈ ಒರೆಸ್ಕೊಳ್ಳಿ. ಈಗ ನಾಲ್ಕನೇದು. ತಳ್ಳಾಡಬಾರದು. ಎಲ್ಲರಿಗೂ ಸಿಗುತ್ತೆ. ಅಮ್ಮಾ, ನೀನು ಬಸ್ಸಿಂದ ಇಳಿ, ಹೊರಟುಹೋದೀಯ."

ಬಸ್ಸುಗಳು ಒಂದರ ಹಿಂದೊಂದು, ತುಟಿಯ ಮೇಲೆ ಬೆರಳಿಟ್ಟುಕೊಂಡ ಮಕ್ಕಳಂತೆ, ಸದ್ದಿಲ್ಲದೆ ಹೊರಟವು. ಮೆಕ್ಯಾನಿಕ್ಕು ಕೈ ಒರೆಸಿಕೊಂಡು ಎರಡೂ ಕಡೆ ತಿರುಗಿಸಿ ತೋರಿಸಿದ.

ಶಿಸ್ತು ಸಾಹೇಬರು ಮಹಡಿಗೆ ಧಾವಿಸಿ ಬಂದು "ಶಿಸ್ತುಕ್ರಮ!" ಎಂದು ಬಾಯಿ ತೆರೆದರು. "ಒಳಗೆ ಬರೋ ಮುಂಚೆ ಏನು ಮಾಡಬೇಕು?" ಎಂದಳು ಹೆಂಡತಿ. ಸಾಹೇಬರು ಹೊರಹೋಗಿ ಬಾಗಿಲು ತಟ್ಟಿದರು. ಅವರ ಹಿಂದೆಯೇ ಬಂದ ಮುದ್ರಣದ ಮೇಡಂ ಹೆಡ್‌ಫೋನು ತೆಗೆದು, ಯಂತ್ರದ ಗುಂಡಿ ಆರಿಸುತ್ತಾ ಕೇಳಿದರು: "ನಿಮ್ಮ ದನಿ ಯಾವ ದಿನ ಬಿಡುವಾಗಿರುತ್ತೆ?"

ಡಾಕ್ಟರಮ್ಮ ಪೂರ್ತಿ ಕಥೆ ಕೇಳಿ, ಮಾತ್ರೆಯ ಪ್ರಮಾಣವನ್ನು ಸರಸರನೆ ಕೆಳಗಿಳಿಸಿದರು. "ಆ ಡೋಸು ಸರಿಯಾಗಿ ಹತ್ತಿದ್ದಿದ್ರೆ ಎದೆ ಕುದುರೆ ಥರ ಓಡ್ತಿತ್ತು, ನೀವು ಬಸ್ಸಿಗಿಂತ ಮುಂಚೆ ಊರು ಸೇರ್ತಿದ್ರಿ," ಎಂದು ಬೈದರು. ಹೆಂಡತಿ ಔಷಧಿ ಅಂಗಡಿಗೆ ಹೋಗಿ ಕ್ಷಮೆ ಕೇಳಿದಳು. ಅಂಗಡಿಯವನು ತಾತನ ಪರವಾಗಿಯೂ ಒಪ್ಪಿಕೊಂಡ. ಅತ್ತೆಯವರ ಡಬ್ಬಿಗೆ ಬೀಗ ಬಂತು. ಮಾತ್ರೆ ಮೈಗೆ ಹತ್ತಿತು. ಸ್ವೆಟರು ಪೆಟ್ಟಿಗೆ ಸೇರಿತು, ಮುಖದ ಊತ ಇಳಿಯಿತು, ಚಮಚ ನೆಟ್ಟಗೆ ಬಾಯಿಗೆ ಹೋಗತೊಡಗಿತು. ದನಿಯೂ ಒಂದೊಂದೇ ಮೆಟ್ಟಿಲು ಹತ್ತಿ, ಒಂದು ಬೆಳಗ್ಗೆ ತನ್ನ ಹಳೆಯ ತಾರಸಿಗೆ ಬಂದು ಕೂತು, "ಏನೇ, ಟವೆಲ್ ಎಲ್ಲೇ?" ಎಂದಿತು. ಹೆಂಡತಿ ಗೋಡೆ ಹಿಡಿದುಕೊಂಡು ನಕ್ಕಳು.

ನಿಲ್ದಾಣದಲ್ಲಿ ಯಂತ್ರ ಬಂದ ಮೇಲೆ ಪೀಪಿಯನ್ನು ಕೆಳಗೆ, ಕಳೆದುಹೋದವರ ವಿಚಾರಣೆಯ ಮೇಜಿಗೆ ಹಾಕಿದರು. ಶಿಕ್ಷೆಯೆಂದೇ ಹಾಕಿದ್ದು. ಆದರೆ ಅಳುತ್ತಾ ಬರುವ ಮಕ್ಕಳು ಮೀಸೆಯಿಂದ ಹೊರಡುವ ಆ ದನಿ ಕೇಳಿ ಬಾಯಿಮುಚ್ಚಿ, ಬೆರಗಾಗಿ, ಇನ್ನೊಂದು ಸಲ ಮಾತಾಡು ಎಂದು ಹಟ ಹಿಡಿಯುತ್ತಿದ್ದವು. ಹೆತ್ತವರು ಬಂದು ಕರೆದರೂ ಹೋಗಲು ಒಪ್ಪುತ್ತಿರಲಿಲ್ಲ. ಕೆಲವು ಮಕ್ಕಳಂತೂ ಬೇಕೆಂದೇ ಕಳೆದುಹೋಗತೊಡಗಿದವು.

ಮೊನ್ನೆ ಪೀಪಿ ಕೆಲಸದ ಮೇಲೆ ದೂರದೊಂದು ಊರಿಗೆ ಹೋಗಬೇಕಾಯಿತು. ನಸುಕಿನ ಬಸ್ಸು. ಮಾತ್ರೆಯನ್ನು ಬಸ್ಸು ಇಳಿಯುವ ಮುಂಚೆಯಷ್ಟೇ ನೀರಿನ ಜೊತೆ ನುಂಗಿದ್ದ. ಗೊತ್ತಿರುವವರು ಒಬ್ಬರೂ ಇಲ್ಲದ ಊರು, ತಣ್ಣನೆ ಗಾಳಿ, ನಿಲ್ದಾಣದ ಮೂಲೆಯಲ್ಲಿ ಹಬೆಯಾಡುವ ಕಾಫಿ ಅಂಗಡಿ. ಒಂದೇ ಒಂದು ದಿನ, ಅದೂ ದನಿಗಾಗಿ ಅಲ್ಲ, ಬರಿಯ ಆಸೆಗಾಗಿ. ಅತ್ತಿತ್ತ ನೋಡಿದ. ಲೋಟ ತೆಗೆದುಕೊಂಡ. ತುಟಿಯ ಹತ್ತಿರ ತಂದ.

ತಲೆಯ ಮೇಲೆ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು.

"ದಯವಿಟ್ಟು ಗಮನಿಸಿ," ಎಂದಳು ಹೆಂಡತಿ.

"ಆಯ್ತು ಬಿಡೇ, ಇಟ್ಟೆ!" ಎಂದು ಪೀಪಿ ಇಡೀ ನಿಲ್ದಾಣಕ್ಕೆ ಕೇಳುವಂತೆ ಕಿರುಚಿ, ಲೋಟ ಕೆಳಗಿಟ್ಟ. ಅಂಗಡಿಯವನು ಒಳಗೆ ಓಡಿ ಒಲೆ ಆರಿಸಿದ.